ಹದಿನೈದು ನಾಲಿಗೆ, ಒಂದು ಡಬ್ಬಿ: ಪಿಟಿಸಿ ಪಟ್ಟಿ ಬಳಸಿ ನೋಡಿದ್ದು

ಯುಗಾದಿಯ ಹಿಂದಿನ ವಾರ ಬೆಂಗಳೂರಿನ ಒಂದು ಲ್ಯಾಬ್ ಸಾಮಾನಿನ ಅಂಗಡಿಯಿಂದ ಎರಡು ಪುಟ್ಟ ಡಬ್ಬಿ ತರಿಸಿಕೊಂಡೆ. ಒಂದರಲ್ಲಿ 100 ಪಿಟಿಸಿ ಪಟ್ಟಿ. ಇನ್ನೊಂದರಲ್ಲಿ ಏನೂ ಹಚ್ಚದ 100 ಖಾಲಿ ಪಟ್ಟಿ. ಮೊದಲನೆಯದಕ್ಕೆ 420 ರೂಪಾಯಿ, ಎರಡನೆಯದಕ್ಕೆ 180, ಕೊರಿಯರ್‌ಗೆ 70. ಏಳು ತಿಂಗಳಿಂದ ಮನೆಯಲ್ಲೂ ತರಗತಿಯಲ್ಲೂ ಬಳಸಿದ್ದೇನೆ. ಕೊಳ್ಳಬೇಕು ಅಂದುಕೊಂಡಿರುವ ಮೇಷ್ಟರು, ಟೀಚರುಗಳಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಪಿಟಿಸಿ ಅಂದರೆ ಫಿನೈಲ್‌ಥಯೋಕಾರ್ಬಮೈಡ್. ಅದರ ತೆಳು ದ್ರಾವಣದಲ್ಲಿ ಕಾಗದ ಅದ್ದಿ, ಒಣಗಿಸಿ, ಬೆರಳುದ್ದಕ್ಕೆ ಕತ್ತರಿಸಿರುತ್ತಾರೆ. ನೋಡಲು ಲಿಟ್ಮಸ್ ಕಾಗದದ ಹಾಗೆ, ಬಿಳಿ ಬಣ್ಣ. ನಾಲಿಗೆ ಮೇಲೆ ಇಟ್ಟರೆ ಕೆಲವರಿಗೆ ಕೂಡಲೇ ಉಗಿಯುವಷ್ಟು ಕಹಿ. ಇನ್ನು ಕೆಲವರಿಗೆ ಸುಮ್ನೆ ಕಾಗದ ಜಗಿದ ಹಾಗೆ ಸಪ್ಪೆ. ಕಹಿ ತಿಳಿಯುವುದು ಪ್ರಬಲ ಗುಣ, ತಿಳಿಯದಿರುವುದು ದುರ್ಬಲ ಗುಣ. ಈ ‘ದುರ್ಬಲ’ ಎಂಬ ಪದ ನನಗೆ ಇಷ್ಟವಿಲ್ಲ. ಮಕ್ಕಳು ಅದನ್ನು ಏನೋ ಕೊರತೆ, ರೋಗ ಅಂದುಕೊಳ್ಳುತ್ತಾರೆ. ಅದು ಮರೆಯಲ್ಲಿ ನಿಲ್ಲುವ ಗುಣ, ಅಷ್ಟೇ.

ನಾನು ತಿಪಟೂರು ಕಡೆ ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಹತ್ತನೇ ತರಗತಿಯ ಅನುವಂಶೀಯತೆ ಪಾಠದಲ್ಲಿ ಮಕ್ಕಳು ಒಬ್ಬರ ಕಿವಿ ಒಬ್ಬರು ನೋಡುವ ಚಟುವಟಿಕೆ ಇದೆ. ಕಿವಿಹಾಲೆ ಜೋತು ಬಿದ್ದಿದೆಯೋ, ಕೆನ್ನೆಗೆ ಅಂಟಿದೆಯೋ ಅಂತ ಎಣಿಸಬೇಕು. ಪ್ರತಿ ವರ್ಷ ಗಲಾಟೆ. ಎಷ್ಟೋ ಮಕ್ಕಳ ಕಿವಿ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಒಂದೇ ಜೀನ್ ಇದನ್ನು ತೀರ್ಮಾನಿಸುವುದಿಲ್ಲ, ಹಾಗಾಗಿ ಲೆಕ್ಕ ಕೂಡುವುದೇ ಇಲ್ಲ. ನಾಲಿಗೆಯನ್ನು ಕೊಳವೆ ಥರ ಸುತ್ತುವ ಆಟವೂ ಹಾಗೆಯೇ. ಅದು ಪ್ರಬಲ ಗುಣ ಅಂತ 1940ರಲ್ಲಿ ಬರೆದ ತಳಿವಿಜ್ಞಾನಿ ಸ್ಟರ್ಟೆವಂಟ್, ಮುಂದೆ 1965ರಲ್ಲಿ ತಾವೇ ಅದನ್ನು ಕೈಬಿಟ್ಟರು. ತದ್ರೂಪ ಅವಳಿಗಳಲ್ಲೇ ಒಬ್ಬರು ಸುತ್ತುತ್ತಾರೆ, ಇನ್ನೊಬ್ಬರಿಗೆ ಆಗುವುದಿಲ್ಲ. ಹಾಗಿರುವಾಗ ಮಕ್ಕಳಿಗೆ ಕಲಿಸಲು ನಿಜವಾಗಿ ಕೆಲಸ ಮಾಡುವ ಒಂದು ಗುಣ ಬೇಕಿತ್ತು. ಪಾಠದಲ್ಲಿ ಬರುವ ಬಟಾಣಿ ಗಿಡದ್ದಲ್ಲ, ಮನುಷ್ಯರದ್ದು.

ಪಿಟಿಸಿಯ ಕಥೆ ಶುರುವಾದದ್ದು ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ. ಆರ್ಥರ್ ಫಾಕ್ಸ್ ಈ ಪುಡಿಯನ್ನು ಬಾಟಲಿಗೆ ಸುರಿಯುವಾಗ ಅದು ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ನಾಲರ್ ‘ಅಯ್ಯೋ ಕಹಿ’ ಅಂದರು. ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಇಬ್ಬರೂ ಪುಡಿ ರುಚಿ ನೋಡಿದರು. ಒಬ್ಬರಿಗೆ ಕಹಿ, ಒಬ್ಬರಿಗೆ ಸಪ್ಪೆ! ಇದು 1930ರ ದಶಕದ ಆರಂಭದ ಮಾತು. ಕಾರಣವಾದ ಜೀನ್ ಸಿಕ್ಕಿದ್ದು 2003ರಲ್ಲಿ. ಏಳನೇ ವರ್ಣತಂತುವಿನ ಮೇಲಿದೆ, ಹೆಸರು ಟಿಎಎಸ್2ಆರ್38. ನಾಲಿಗೆಯ ಮೇಲೆ ಕಹಿ ಗುರುತಿಸುವ ಒಂದು ಪ್ರೋಟೀನನ್ನು ಅದು ಮಾಡಿಸುತ್ತದೆ. ಪಿಟಿಸಿ ತಿಳಿಯದವರಲ್ಲಿ ಆ ಪ್ರೋಟೀನಿನ ಮೂರು ಕಡೆ ಅಮೈನೋ ಆಮ್ಲ ಬದಲಾಗಿರುತ್ತದೆ. ಈ ಜೀನಿನ ಎರಡು ಪ್ರತಿ ಎಲ್ಲರಲ್ಲೂ ಇರುತ್ತವೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಅದರಲ್ಲಿ ಸರಿಯಾದ ಒಂದು ಪ್ರತಿ ಇದ್ದರೂ ನಾಲಿಗೆಗೆ ಕಹಿ ತಿಳಿಯುತ್ತದೆ. ಪ್ರಬಲ ಗುಣ ಅನ್ನುವುದು ಇದಕ್ಕೇ.

ಯುಗಾದಿಗೆ ಅರಸೀಕೆರೆ ಹತ್ತಿರದ ತವರಿಗೆ ಹೋಗುವಾಗ ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಂಡೆ. ಬೆಳಗ್ಗೆ ಬೇವು ಬೆಲ್ಲ ತಿಂದಾಗ ಎಲ್ಲರೂ ಒಂದೇ ಥರ ಮುಖ ಕಿವುಚಿದ್ದೆವು. ಬೇವಿನ ಕಹಿಯೇ ಬೇರೆ. ಮನುಷ್ಯನ ನಾಲಿಗೆಯಲ್ಲಿ ಕಹಿ ಗುರುತಿಸುವ ಸುಮಾರು 25 ಥರದ ಪ್ರೋಟೀನುಗಳಿವೆ. ಪಿಟಿಸಿ ತಿಳಿಯದವರಿಗೂ ಬೇವು, ಹಾಗಲಕಾಯಿ ಕಹಿಯೇ.

ಹೋಳಿಗೆ ಊಟ ಮುಗಿದು ಎರಡು ಗಂಟೆ ಬಿಟ್ಟು ಜಗುಲಿಯಲ್ಲಿ ಎಲ್ಲರನ್ನೂ ಕೂರಿಸಿದೆ. ಮೊದಲು ನೀರಿನಲ್ಲಿ ಬಾಯಿ ಮುಕ್ಕಳಿಸುವುದು. ಆಮೇಲೆ ಖಾಲಿ ಪಟ್ಟಿ. ಕಾಗದದ ರುಚಿ ಹೇಗಿರುತ್ತದೆ ಅಂತ ನಾಲಿಗೆಗೆ ಗೊತ್ತಾಗಬೇಕು. ಆಮೇಲೆ ಪಿಟಿಸಿ ಪಟ್ಟಿ, ನಾಲಿಗೆ ಮೇಲೆ ಹತ್ತು ಸೆಕೆಂಡು. ಬೇರೆಯವರ ಮುಖ ನೋಡಿ ಹೇಳಬಾರದು ಅಂತ ಒಬ್ಬೊಬ್ಬರನ್ನೇ ಒಳಗೆ ಕರೆದು ಕೊಟ್ಟೆ. ಈ ಕ್ರಮ ತಪ್ಪಿದರೆ ಏನಾಗುತ್ತದೆ ಅಂತ ಅಪ್ಪನ ತಾಯಿ, ನಮ್ಮ ಅಜ್ಜಿಯಿಂದಲೇ ಗೊತ್ತಾಯಿತು. ಎಲೆ ಅಡಿಕೆ ಹಾಕಿಕೊಂಡ ಬಾಯಲ್ಲೇ ಪಟ್ಟಿ ಇಟ್ಟು ‘ಏನಿಲ್ಲ ಕಣವ್ವ’ ಅಂದರು. ಬಾಯಿ ತೊಳೆಸಿ, ಒಂದು ಗಂಟೆ ಬಿಟ್ಟು ಇನ್ನೊಂದು ಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹಿಂದುಗಡೆ ಒಂಥರಾ ಕಹಿ’ ಅಂದರು. 84 ವರ್ಷದ ನಾಲಿಗೆ ನಿಧಾನ. ಮೊದಲ ಉತ್ತರವನ್ನೇ ಬರೆದುಕೊಂಡಿದ್ದರೆ ಅಜ್ಜಿಯ ಲೆಕ್ಕ ತಪ್ಪುತ್ತಿತ್ತು.

ಹದಿನೈದು ಜನರಲ್ಲಿ ಹನ್ನೊಂದು ಜನ ಕಹಿ ಅಂದರು. ಸಪ್ಪೆ ಅಂದವರು ನಾಲ್ಕು ಜನ. ನಾನು, ಅತ್ತಿಗೆ, ಅಣ್ಣನ ಮಗ, ಅಮ್ಮನ ತಮ್ಮ ಅಂದರೆ ನಮ್ಮ ಸೋದರಮಾವ.

ಡಬ್ಬಿಯಿಂದ ಸಿಗುವುದು ಇಷ್ಟೇ, ಯಾರಿಗೆ ಕಹಿ, ಯಾರಿಗೆ ಸಪ್ಪೆ. ಒಳಗಿನ ಜೋಡಿ ಯಾವುದು, ಅಂದರೆ ಜೀನೋಟೈಪ್ ಏನು ಅಂತ ನಾವೇ ಬಿಡಿಸಬೇಕು. ಪುಸ್ತಕದಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಬರೆದು ಮಾಡುತ್ತೇವೆ ಅಲ್ವಾ, ಅದನ್ನು ಅಂದು ನಾನು ಬಿಟ್ಟೆ. ಒಬ್ಬೊಬ್ಬರಿಗೂ ಒಂದು ದೊನ್ನೆ ಕೊಟ್ಟೆ. ಕಹಿ ತಿಳಿಯುವ ಪ್ರತಿಗೆ ಹುಣಸೆ ಬೀಜ. ತಿಳಿಯದ ಪ್ರತಿಗೆ ಅವರೆಕಾಳು. ಪ್ರತಿ ದೊನ್ನೆಯಲ್ಲೂ ಎರಡು ಇರಲೇಬೇಕು. ಯಾವುದು ಅಂತ ಗೊತ್ತಿಲ್ಲದ ಕಡೆ ಒಂದು ಕಲ್ಲು.

ಮೊದಲು ತುಂಬಿದ್ದು ಸಪ್ಪೆ ಅಂದವರ ದೊನ್ನೆ. ಅವರದ್ದು ಸುಲಭ, ಎರಡೂ ಅವರೆಕಾಳು. ಒಂದು ಹುಣಸೆ ಬೀಜ ಇದ್ದಿದ್ದರೂ ಕಹಿ ತಿಳಿಯುತ್ತಿತ್ತು. ಕಹಿ ಅಂದವರ ದೊನ್ನೆಗೆಲ್ಲ ಒಂದು ಹುಣಸೆ ಬೀಜ, ಒಂದು ಕಲ್ಲು. ಈಗ ಕಲ್ಲು ತೆಗೆಯುವ ಕೆಲಸ.

ಅಣ್ಣನ ಮಗಳು ಎಂಟನೇ ಕ್ಲಾಸು. ನನ್ನ ದೊನ್ನೆಯನ್ನೇ ನೋಡುತ್ತಾ ಕೂತಿದ್ದವಳು ‘ಅತ್ತೆ, ನಿಮ್ಮ ಎರಡು ಕಾಳು ಎಲ್ಲಿಂದ ಬಂತು?’ ಅಂತ ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಅವಳೇ ಎದ್ದು ಹೋಗಿ ನಮ್ಮಪ್ಪನ ದೊನ್ನೆಯ ಕಲ್ಲು ತೆಗೆದು ಅವರೆಕಾಳು ಇಟ್ಟಳು. ಅಮ್ಮನ ದೊನ್ನೆಯಲ್ಲೂ ಹಾಗೇ ಮಾಡಿದಳು. ಒಂದು ಕಾಳು ಅಪ್ಪನಿಂದ, ಒಂದು ಅಮ್ಮನಿಂದ, ಬೇರೆ ದಾರಿ ಇಲ್ಲ. ಇಬ್ಬರ ನಾಲಿಗೆಗೂ ಕಹಿ ಚೆನ್ನಾಗಿ ತಿಳಿಯುತ್ತದೆ. ಆದರೂ ಇಬ್ಬರೂ ಇಷ್ಟು ವರ್ಷ ಒಂದೊಂದು ಅವರೆಕಾಳು ಒಳಗೆ ಇಟ್ಟುಕೊಂಡೇ ಬಂದಿದ್ದಾರೆ. ಅದು ಗೊತ್ತಾದದ್ದು ನನ್ನ ಸಪ್ಪೆ ನಾಲಿಗೆಯಿಂದ. ಹದಿನೆಂಟು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ. ನಮ್ಮಪ್ಪ ಅಮ್ಮನ ಮುಂದೆ ಕೂತು ಇದನ್ನು ಕಂಡದ್ದು ಅದೇ ಮೊದಲು, ನಿಜಕ್ಕೂ ಮೈ ಜುಮ್ಮೆಂದಿತು.

ಅಣ್ಣನ ದೊನ್ನೆ ಇನ್ನೂ ಚೆನ್ನಾಗಿತ್ತು. ಅಪ್ಪ ಅಮ್ಮ ಇಬ್ಬರದ್ದೂ ಒಂದು ಬೀಜ, ಒಂದು ಕಾಳು ಅಂತಾಯಿತು. ಅವರ ಮಕ್ಕಳಿಗೆ ನಾಲ್ಕು ಥರ ಜೋಡಿ ಬರಬಹುದು. ಬೀಜ ಬೀಜ, ಬೀಜ ಕಾಳು, ಕಾಳು ಬೀಜ, ಕಾಳು ಕಾಳು. ಅಣ್ಣನಿಗೆ ಕಹಿ ತಿಳಿಯುತ್ತದೆ, ಹಾಗಾಗಿ ಕೊನೆಯದು ಇಲ್ಲ. ಉಳಿದ ಮೂರರಲ್ಲಿ ಎರಡರಲ್ಲಿ ಅವರೆಕಾಳು ಇದೆ. ಅಷ್ಟಕ್ಕೇ ನಿಂತಿದ್ದರೆ ಅಣ್ಣನ ಒಳಗೆ ಕಾಳು ಇರುವ ಸಾಧ್ಯತೆ ಮೂರರಲ್ಲಿ ಎರಡು ಅನ್ನಬಹುದಿತ್ತು. ಆದರೆ ಅವನ ಮಗನಿಗೆ ಸಪ್ಪೆ. ಆ ಹುಡುಗನ ಎರಡು ಕಾಳಿನಲ್ಲಿ ಒಂದು ಅತ್ತಿಗೆಯದು, ಇನ್ನೊಂದು ಅಣ್ಣನದೇ ಆಗಬೇಕು. ಸಾಧ್ಯತೆಯ ಮಾತು ಅಲ್ಲಿಗೆ ಮುಗಿಯಿತು, ಕಲ್ಲು ಹೋಗಿ ಕಾಳು ಬಂತು.

ದೊಡ್ಡವರ ಒಳಗೆ ಏನಿದೆ ಅಂತ ಹೇಳುವವರು ಚಿಕ್ಕವರು. ನನ್ನ ತರಗತಿಯ ಮಕ್ಕಳು ಎಡವುವುದು ಇಲ್ಲೇ. ಅಪ್ಪ ಅಮ್ಮನಿಂದ ಮಕ್ಕಳ ಕಡೆಗೆ ಚೌಕ ಹಾಕಿ ಲೆಕ್ಕ ಮಾಡಲು ಎಲ್ಲರಿಗೂ ಬರುತ್ತದೆ. ಮಕ್ಕಳಿಂದ ಅಪ್ಪ ಅಮ್ಮನ ಕಡೆಗೆ ಹೋಗಲು ತಡವರಿಸುತ್ತಾರೆ. ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಹತ್ತದ್ದು ಜಗುಲಿಯಲ್ಲಿ ಹತ್ತು ನಿಮಿಷಕ್ಕೆ ಹತ್ತಿತು.

ನನ್ನ ಮಕ್ಕಳಿಬ್ಬರದ್ದೂ ಬೇಗ ಮುಗಿಯಿತು. ನನ್ನ ಹತ್ತಿರ ಅವರೆಕಾಳು ಬಿಟ್ಟು ಕೊಡಲು ಬೇರೇನೂ ಇಲ್ಲ. ಅವರಿಗೆ ಕಹಿ ತಿಳಿಯುತ್ತದೆ ಅಂದರೆ ಹುಣಸೆ ಬೀಜ ಅವರಪ್ಪನದು. ಆಗ ನನ್ನ ಮಗ ಒಂದು ತಪ್ಪು ಮಾಡಿದ. ‘ಇಬ್ಬರಿಗೂ ಬೀಜವೇ ಬಂದಿದೆ, ಹಾಗಾದರೆ ಅಪ್ಪಂದು ಎರಡೂ ಬೀಜ’ ಅಂದ. ಒಂದು ರೂಪಾಯಿ ನಾಣ್ಯ ಕೊಟ್ಟು ಎರಡು ಸಲ ಚಿಮ್ಮಿಸಿದೆ. ಎರಡು ಸಲವೂ ಸಿಂಹದ ತಲೆಯೇ ಬೀಳುವುದು ನಾಲ್ಕರಲ್ಲಿ ಒಂದು ಸಲ ಆಗುತ್ತದೆ. ಅಪ್ಪನ ದೊನ್ನೆಯಲ್ಲಿ ಒಂದು ಕಾಳು ಅಡಗಿದ್ದರೂ ಇಬ್ಬರು ಮಕ್ಕಳಿಗೂ ಬೀಜವೇ ಬರುವುದು ಅಷ್ಟೇನೂ ಅಪರೂಪವಲ್ಲ. ಹತ್ತು ಮಕ್ಕಳಿದ್ದು ಹತ್ತಕ್ಕೂ ಬೀಜ ಬಂದಿದ್ದರೆ ಕಾಳಿನ ಸಾಧ್ಯತೆ ತೀರಾ ಕಡಿಮೆ ಆಗುತ್ತಿತ್ತು, ಖಾತ್ರಿ ಆಗುತ್ತಿರಲಿಲ್ಲ. ಕಾಳು ಇದೆ ಅಂತ ಹೇಳಲು ಸಪ್ಪೆ ನಾಲಿಗೆಯ ಒಂದು ಮಗು ಸಾಕು. ಇಲ್ಲ ಅಂತ ಹೇಳಲು ಎಷ್ಟು ಮಕ್ಕಳಿದ್ದರೂ ಸಾಲದು. ನನ್ನ ಗಂಡನ ದೊನ್ನೆಯ ಕಲ್ಲು ಹಾಗೇ ಉಳಿಯಿತು. ಅವರ ಅಮ್ಮನಿಗೆ ಕಹಿ ತಿಳಿಯುತ್ತದೆ, ಅಪ್ಪ ಈಗ ಇಲ್ಲ.

ಸೋದರಮಾವನ ದೊನ್ನೆ ನೋಡುತ್ತಾ ಅಮ್ಮ ‘ನಮ್ಮವ್ವಂದೂ ಒಂದು ಇಡೇ’ ಅಂದರು. ಅಮ್ಮನ ಅವ್ವ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಇಡಬಹುದಿತ್ತು. ಮಾವನಿಗೆ ಸಪ್ಪೆ, ಎರಡು ಅವರೆಕಾಳು. ಅದರಲ್ಲಿ ಒಂದು ಖಂಡಿತ ಅವ್ವನಿಂದ, ಇನ್ನೊಂದು ತಾತನಿಂದ. ಎರಡು ಹೊಸ ದೊನ್ನೆ ಇಟ್ಟೆವು, ಎರಡರಲ್ಲೂ ಒಂದೊಂದು ಕಾಳು. ಅಮ್ಮನ ಹುಣಸೆ ಬೀಜ ಈ ಇಬ್ಬರಲ್ಲಿ ಒಬ್ಬರಿಂದ ಬಂದದ್ದು. ಯಾರಿಂದ ಅಂತ ಹೇಳಲು ಆಗುವುದಿಲ್ಲ, ಅದಕ್ಕೆ ಎರಡಕ್ಕೂ ಕಲ್ಲು. ಯಾವ ಪಟ್ಟಿಯನ್ನೂ ನಾಲಿಗೆ ಮೇಲೆ ಇಡದೇ, ಕಾಲವಾಗಿ ಅಷ್ಟು ವರ್ಷವಾದ ಮೇಲೂ, ಅವ್ವನ ಬಗ್ಗೆ ಒಂದು ಹೊಸ ವಿಷಯ ಗೊತ್ತಾಯಿತು. ಅಮ್ಮ ಆ ದೊನ್ನೆಯನ್ನು ಸಂಜೆವರೆಗೂ ಎತ್ತಲು ಬಿಡಲಿಲ್ಲ.

ಅಣ್ಣ ಚಿಕ್ಕವನಿದ್ದಾಗ ಎಲೆಕೋಸು, ನವಿಲುಕೋಸು ಮುಟ್ಟುತ್ತಿರಲಿಲ್ಲ. ಕಹಿ ಅನ್ನುತ್ತಿದ್ದ, ಬೈಸಿಕೊಳ್ಳುತ್ತಿದ್ದ. ನಾನು ತಟ್ಟೆ ಖಾಲಿ ಮಾಡುತ್ತಿದ್ದೆ. ಕೋಸು, ಸಾಸಿವೆ ಜಾತಿಯ ಗಿಡಗಳಲ್ಲಿ ಪಿಟಿಸಿಯನ್ನು ಹೋಲುವ ಗಂಧಕದ ಅಂಶಗಳಿವೆ. ಅವನ್ನೂ ಇದೇ ಪ್ರೋಟೀನ್ ಗುರುತಿಸುತ್ತದೆ. ಊಟದ ಇಷ್ಟಾನಿಷ್ಟಕ್ಕೆ ಇದೊಂದೇ ಕಾರಣವಲ್ಲ, ಅಮ್ಮನಿಗೂ ಕಹಿ ತಿಳಿಯುತ್ತದೆ, ಆದರೂ ಕೋಸಿನ ಪಲ್ಯ ಇಷ್ಟಪಟ್ಟು ತಿನ್ನುತ್ತಾರೆ. ಹಾಗಿದ್ದರೂ ಅಂದು ಅಮ್ಮ ಅಣ್ಣನ ಕಡೆ ತಿರುಗಿ ‘ನಿಜವಾಗ್ಲೂ ಕಹಿ ಆಗ್ತಿತ್ತೇನೋ ನಿಂಗೆ’ ಅಂದರು. ಈ ಡಬ್ಬಿಗೆ ನಾನು ಕೊಟ್ಟ ದುಡ್ಡು ಅಲ್ಲೇ ವಾಪಸ್ ಬಂತು.

ಈಗ ಡಬ್ಬಿಯ ಕೊರತೆಗಳು. ಒಳಗಿನ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದೆ, ಅಕ್ಷರ ಸಾಸಿವೆ ಕಾಳಿಗಿಂತ ಚಿಕ್ಕದು. ಒಂದು ಪಟ್ಟಿಯಲ್ಲಿ ಎಷ್ಟು ಪಿಟಿಸಿ ಇದೆ ಅಂತ ಬರೆದಿಲ್ಲ, ಇದು ಬರೆಯಲೇಬೇಕಾದ ಮಾತು. ಖಾಲಿ ಪಟ್ಟಿ ಜೊತೆಗೇ ಕೊಡಬೇಕಿತ್ತು, ಪ್ರತ್ಯೇಕ ಕೊಳ್ಳಬೇಕಾಯಿತು. ಮುಚ್ಚಳ ಸಡಿಲ. ಜುಲೈ ಮಳೆಗೆ ಖಾಲಿ ಪಟ್ಟಿಗಳಿಗೆ ಮುಗ್ಗಲು ವಾಸನೆ ಹಿಡಿಯಿತು, ಸುಮಾರು ಇಪ್ಪತ್ತು ಎಸೆದೆ. ಈಗ ಎರಡನ್ನೂ ಗಾಜಿನ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಬಟ್ಟೆಯಲ್ಲಿ ಹುರಿದ ಅಕ್ಕಿ ಕಟ್ಟಿ ಒಳಗಿಟ್ಟಿದ್ದೇನೆ. ಕೆಲವು ಪಟ್ಟಿ ಒಂದಕ್ಕೊಂದು ಅಂಟಿರುತ್ತವೆ, ಬಿಡಿಸಿಯೇ ಕೊಡಿ. ಒಬ್ಬರಿಗೆ ಒಂದು ಪಟ್ಟಿ ಸಾಕು. ಪಟ್ಟಿಯಲ್ಲಿರುವುದು ತುಂಬಾ ಕಡಿಮೆ ಪ್ರಮಾಣ, ಆದರೆ ಪಿಟಿಸಿ ಹೆಚ್ಚಾದರೆ ವಿಷ. ಈ ಗುಂಪಿನ ರಾಸಾಯನಿಕಗಳು ಥೈರಾಯ್ಡ್ ಕೆಲಸಕ್ಕೂ ಅಡ್ಡ ಬರುತ್ತವೆ. ಥೈರಾಯ್ಡ್ ತೊಂದರೆ ಇರುವವರಿಗೆ, ಬಸುರಿಯರಿಗೆ, ತೀರಾ ಚಿಕ್ಕ ಮಕ್ಕಳಿಗೆ ನಾನು ಕೊಡುವುದಿಲ್ಲ. ಡಬ್ಬಿ ಬೀರುವಿನ ಮೇಲಿನ ಖಾನೆಯಲ್ಲಿರುತ್ತದೆ.

ಇವೆಲ್ಲ ಸಹಿಸಬಹುದು. ಸಹಿಸಲು ಆಗದ್ದು ಒಂದಿದೆ. ಇಬ್ಬರು ಸಪ್ಪೆಯವರಿಗೆ ಕಹಿ ತಿಳಿಯುವ ಮಗು ಹುಟ್ಟುವುದಿಲ್ಲ ಅಂತ ಚೀಟಿಯಲ್ಲಿ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದಾರೆ. ಪುಸ್ತಕದ ಲೆಕ್ಕಕ್ಕೆ ಅದು ಸರಿ. ನಿಜವಾದ ಮನೆಗಳಲ್ಲಿ ಅಷ್ಟು ಸರಳವಲ್ಲ. ಈ ಜೀನ್ ವ್ಯತ್ಯಾಸದ ಬಹುಪಾಲನ್ನು ವಿವರಿಸುತ್ತದೆ, ಪೂರ್ತಿಯನ್ನಲ್ಲ. ನಡುವಣ ಥರದ ಪ್ರತಿಗಳೂ ಅಪರೂಪಕ್ಕೆ ಇರುತ್ತವೆ. ವಯಸ್ಸು, ನೆಗಡಿ, ಬಾಯಲ್ಲಿರುವ ಎಲೆ ಅಡಿಕೆ, ಹಳೇ ಪಟ್ಟಿ, ಯಾವುದಾದರೂ ಉತ್ತರ ಬದಲಿಸಬಹುದು. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಇಂಥ ಪಟ್ಟಿಗಳನ್ನು ಮನೆಗೆ ಕೊಟ್ಟು ಕಳಿಸಿದ್ದರು. ಒಬ್ಬ ಹುಡುಗಿ ಅಪ್ಪ ಅಮ್ಮನಿಗೆ ಸಪ್ಪೆ, ತನಗೆ ಕಹಿ ಅಂತ ಬರೆದುಕೊಂಡು ಬಂದಳು. ಪಕ್ಕದ ಬೆಂಚಿನವರು ‘ಹಾಗಾದ್ರೆ ನೀನು ಅವರ ಮಗಳಲ್ಲ’ ಅಂದರು. ಎರಡು ದಿನ ಅವಳು ಶಾಲೆಗೆ ಬರಲಿಲ್ಲ. ಅವತ್ತಿನಿಂದ ನನಗೆ ಇದು ಮನಸ್ಸಿನಲ್ಲಿ ಕೂತಿದೆ. ಇದು ಯಾರು ಯಾರ ಮಗು ಅಂತ ಹೇಳುವ ಪರೀಕ್ಷೆ ಅಲ್ಲ. ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಇರಬೇಕಾದದ್ದು ಈ ಮಾತು.

ಹಾಗಾಗಿ ತರಗತಿಯಲ್ಲಿ ನನ್ನ ಕ್ರಮ ಬೇರೆ. ಪಟ್ಟಿ ಶಾಲೆಯಲ್ಲೇ, ಬೇಕು ಅಂದವರಿಗೆ ಮಾತ್ರ. ಎಷ್ಟು ಜನಕ್ಕೆ ಕಹಿ, ಎಷ್ಟು ಜನಕ್ಕೆ ಸಪ್ಪೆ ಅಂತ ಒಟ್ಟು ಎಣಿಸುತ್ತೇವೆ. ಯಾರನ್ನೂ ಮನೆಯವರ ನಾಲಿಗೆ ಕೇಳಿಕೊಂಡು ಬಾ ಅನ್ನುವುದಿಲ್ಲ. ದತ್ತು ಮಕ್ಕಳಿರುತ್ತಾರೆ, ಅಪ್ಪ ಇಲ್ಲದವರಿರುತ್ತಾರೆ, ಅಜ್ಜಿ ಮನೆಯಲ್ಲಿ ಬೆಳೆಯುವವರಿರುತ್ತಾರೆ. ದೊನ್ನೆ ಆಟಕ್ಕೆ ನಮ್ಮ ಮನೆಯದೇ ಲೆಕ್ಕ ಕೊಡುತ್ತೇನೆ. ಕಳೆದ ತಿಂಗಳು ಒಂದು ಗುಂಪು ನಮ್ಮ ಅಜ್ಜಿಯ ಕಲ್ಲಿನ ಬಗ್ಗೆ ಅರ್ಧ ಗಂಟೆ ವಾದ ಮಾಡಿತು. ಅಪ್ಪನ ಅವರೆಕಾಳು ಅಜ್ಜಿಯಿಂದ ಬಂತೋ, ನಾವು ಯಾರೂ ನೋಡದ ಅಜ್ಜನಿಂದ ಬಂತೋ? ಎರಡೂ ಆಗಬಹುದು ಅಂತ ಕೊನೆಗೆ ಅವರೇ ಒಪ್ಪಿದರು.

ಪಾಠ ಮುಗಿದ ಮೇಲೆ ಒಬ್ಬ ತಾಯಿ ಬಂದು, ಮನೆಯಲ್ಲಿ ತಲೆಮಾರಿನಿಂದ ಬರುತ್ತಿರುವ ಒಂದು ಕಾಯಿಲೆಗೂ ಇದೇ ಲೆಕ್ಕವಾ ಅಂತ ಕೇಳಿದರು. ಹಂಟಿಂಗ್ಟನ್ ಎಂಬ ಮೆದುಳಿನ ಕಾಯಿಲೆ ಥರದ ಪ್ರಬಲ ಗುಣದ ಕಾಯಿಲೆಗಳಿಗೆ ಲೆಕ್ಕ ಇದೇ. ಆದರೆ ಅದನ್ನು ಜಗುಲಿಯಲ್ಲಿ ಕೂತು ಬಿಡಿಸಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಇದೆ, ಅಲ್ಲಿಗೆ ಹೋಗಿ ಅಂದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿ ಆ ಚೀಟಿಯ ಲೆಕ್ಕಕ್ಕೆ. ಕೊಳ್ಳುವವರು ಖಾಲಿ ಪಟ್ಟಿಯನ್ನು ಮರೆಯದೆ ಕೊಳ್ಳಿ.

ನಮ್ಮ ಮನೆಯಲ್ಲಿ ಉಳಿದ ಕಲ್ಲುಗಳಲ್ಲಿ ತಂಗಿಯದೂ ಒಂದು. ಅವಳಿಗೆ ಕಹಿ ತಿಳಿಯುತ್ತದೆ, ಅವಳ ಗಂಡನಿಗೂ, ಒಂಬತ್ತು ವರ್ಷದ ಮಗಳಿಗೂ. ಹಬ್ಬವಾದ ಮೇಲೆ ಅವಳ ಅತ್ತೆಗೆ ಎರಡು ಪಟ್ಟಿ ಲಕೋಟೆಯಲ್ಲಿ ಕಳಿಸಿದ್ದೆ. ಅವರಿಗೆ ಸಪ್ಪೆ. ಹಾಗಾಗಿ ಗಂಡನ ದೊನ್ನೆಯ ಕಲ್ಲು ಹೋಗಿ ಕಾಳು ಬಂತು. ತಂಗಿಯ ಒಳಗೆ ಕಾಳು ಇರುವ ಸಾಧ್ಯತೆ ಅಣ್ಣನ ಹಾಗೇ ಮೂರರಲ್ಲಿ ಎರಡು ಇತ್ತು. ಮಗಳಿಗೆ ಕಹಿ ತಿಳಿದದ್ದರಿಂದ ಅದು ಐದರಲ್ಲಿ ಮೂರಕ್ಕೆ ಇಳಿಯಿತು. ತಂಗಿಗೆ ಈಗ ಐದನೇ ತಿಂಗಳು. ಹುಟ್ಟುವ ಮಗುವಿನ ನಾಲಿಗೆ ಸಪ್ಪೆ ಆಗುವ ಸಾಧ್ಯತೆ ನೂರರಲ್ಲಿ ಹದಿನೈದು. ಹಾಗಾದರೆ ಆ ಕಲ್ಲೂ ಹೋಗುತ್ತದೆ. ಮಗುವಿಗೆ ಐದಾರು ವರ್ಷ ಆಗುವ ತನಕ ಈ ಪಟ್ಟಿಗಳು ಚೆನ್ನಾಗಿ ಉಳಿಯುವುದು ಅನುಮಾನ. ಹೊಸ ಡಬ್ಬಿ ತರಿಸುತ್ತೇನೆ ಅಂತ ತಂಗಿಗೆ ಹೇಳಿದ್ದೇನೆ.